ಲಿಫ್ಟ್ ಮಾವನ ಮೂರನೇ ಜೋಡಿ ಸ್ಪೀಕರ್

ಲಿಫ್ಟ್ ಮಾವ ಅಂದರೆ ಆರನೇ ಮಹಡಿಯವನು. ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಮೂವತ್ತೆರಡು ವರ್ಷ ಲಿಫ್ಟು ರಿಪೇರಿ ಮಾಡಿದ ಕೈ. ಕೈಗಿಂತ ಕಿವಿ ಜಾಣ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ, ಡಾಕ್ಟರು ಎದೆ ನೋಡಿದ ಹಾಗೆ ನೋಡುತ್ತಿದ್ದ. "ಈ ಬೇರಿಂಗ್ ಇನ್ನೊಂದು ತಿಂಗಳು" ಎಂದರೆ ಸರಿಯಾಗಿ ಒಂದೇ ತಿಂಗಳು.

ಪಾಪ, ಆ ಕಿವಿಗೆ ಒಂದೇ ಚಪಲ. ಸಂಗೀತ ಸಭಾಂಗಣದಲ್ಲಿ ಪಿಯಾನೋ ಎತ್ತಿ ಇಳಿಸುವ ಲಿಫ್ಟೂ ಅವನ ಪಾಲಿಗಿತ್ತು. ವೇದಿಕೆಯ ಅಡಿಯ ಗುಂಡಿಯಲ್ಲಿ ಗ್ರೀಸು ಹಚ್ಚುತ್ತಾ ಕೂತರೆ ತಲೆಯ ಮೇಲೆ ಎಂಬತ್ತು ಜನರ ಆರ್ಕೆಸ್ಟ್ರಾ. ನುಡಿಸುವವರ ಮುಖ ಒಂದು ದಿನವೂ ನೋಡಲಿಲ್ಲ. ಚೆಲ್ಲೋ ಎಂಬ ದೊಡ್ಡ ಪಿಟೀಲುಗಳ ದಪ್ಪ ದನಿ ಮಾತ್ರ ಹಲಗೆ ದಾಟಿ ಬೆನ್ನಿಗೆ ಇಳಿಯುತ್ತಿತ್ತು. ನಿವೃತ್ತಿಯಾದ ಮೇಲೆ ಅದೇ ದನಿ ಮನೆಯಲ್ಲಿ ಬೇಕೆಂದು ಹಟ ಹಿಡಿದ.

ಮನೆ ಕೊನೆಯ ಮಹಡಿ. ಅದರ ಮೇಲೇ ಲಿಫ್ಟಿನ ಮೋಟಾರು ಕೋಣೆ. ಹೆಂಡತಿಗೆ ಮಂಡಿ ನೋವು, ನಾಲ್ಕು ಮೆಟ್ಟಿಲೂ ಹತ್ತಲಾರಳು, ಅವಳ ಜೀವವೆಲ್ಲ ಆ ಲಿಫ್ಟಿನ ಕೈಯಲ್ಲಿ. ಈಗ ಅದನ್ನು ನೋಡುವವನು ಕಂಪನಿಯ ಹೊಸಬ. ಬರುತ್ತಿದ್ದ, ಪುಸ್ತಕದಲ್ಲಿ ಸಹಿ ಹಾಕುತ್ತಿದ್ದ, ಹೋಗುತ್ತಿದ್ದ.

ಮೊದಲ ಜೋಡಿ ಸ್ಪೀಕರ್ ಬಂತು. ಚೆಲ್ಲೋದ ಹಿಂದೆ ಗುಂಯ್ ಎಂದಿತು. ವಾಪಸು. ಎರಡನೆಯದಕ್ಕೆ ಅಂಗಡಿಯಲ್ಲಿ ಚಿನ್ನದಂಥ ದನಿ. ಮನೆಯಲ್ಲಿ ಅದೇ ಗುಂಯ್, ಅದರೊಳಗೊಂದು ಕರಕರ.

"ಯಜಮಾನ್ರೇ, ಕಿವೀನೇ ಒಂದ್ಸಲ ಸರ್ವೀಸಿಗೆ ಬಿಡಿ," ಎಂದ ಅಂಗಡಿಯವನು.

"ನಿನ್ ಪೆಟ್ಟಿಗೇಲಿ ಏನೋ ಸಡಿಲ ಆಗಿದೆ ಕಣಯ್ಯಾ. ದಿನಾ ಜಾಸ್ತಿ ಆಗ್ತಿದೆ."

"ಇಲ್ಲಿ ಒಂದಿನಾನೂ ಬರ್ಲಿಲ್ವಲ್ಲ?"

ಅಷ್ಟು ಹೇಳಿದರೆ ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಆದರೆ ಅವನ ಕಿವಿ ಸಂಗೀತಕ್ಕೆ ಕೂತಿತೆಂದರೆ ಡ್ಯೂಟಿ ಮುಗಿಯಿತು ಅಂತಲೇ ಲೆಕ್ಕ. ಮೂರನೇ ಜೋಡಿ ತಂದ, ಸೊಂಟದೆತ್ತರದ್ದು.

"ಇದು ಮೂರನೇ ಮದ್ವೆ," ಎಂದಳು ಹೆಂಡತಿ, ಚೀಲ ಹಿಡಿದು ಹೊರಡುತ್ತಾ. "ಇದರ ಜೊತೆಗಾದ್ರೂ ಬಾಳ್ವೆ ಮಾಡ್ರಿ."

"ಹಾಲು ತಗೊಂಡು ಬೇಗ ಬಾ. ಒಟ್ಟಿಗೆ ಕೇಳೋಣ."

ಲಿಫ್ಟಿನ ಬಾಗಿಲು ಎಳೆದುಕೊಂಡ ಸದ್ದಾಯಿತು. ಅವನು ರೆಕಾರ್ಡು ಹಾಕಿದ. ಚೆಲ್ಲೋ ಎದ್ದಿತು, ಅದರ ಹಿಂದೆ ಇವತ್ತು ಗುಂಯ್ ಅಲ್ಲ, ನರಳಾಟ. ಸಿಟ್ಟು ಬಂತು. ಹಳೆಯ ಸ್ಕ್ರೂಡ್ರೈವರು ತಂದು ಪೆಟ್ಟಿಗೆಗೆ ಊರಿ ಕಿವಿ ಹಚ್ಚಿದ. ದನಿ ಶುದ್ಧವಾಗಿತ್ತು. ಇನ್ನೊಂದಕ್ಕೆ ಊರಿದ. ಅದೂ ಶುದ್ಧ. ಸುಮ್ಮನೆ ಗೋಡೆಗೆ ಊರಿದ.

ನರಳಾಟ ಅಲ್ಲಿತ್ತು, ಮೇಲಿನ ಮೋಟಾರು ಕೋಣೆಯಿಂದ ಇಳಿಯುತ್ತಿತ್ತು. ಬೇರಿಂಗು. ಇದಕ್ಕೆ ತಿಂಗಳ ಲೆಕ್ಕವಿಲ್ಲ, ದಿನದ ಲೆಕ್ಕವೂ ಇಲ್ಲ.

ಅಷ್ಟರಲ್ಲಿ ನರಳಾಟ ನಿಂತಿತು. ಅಂದರೆ ಕೆಳಗೆ ಇಳಿದಳು. ಹಾಲಿನ ಅಂಗಡಿ ಕಟ್ಟಡದ ಬಾಗಿಲಲ್ಲೇ ಇತ್ತು, ಅವಳಿಗೆ ಎರಡು ನಿಮಿಷದ ಕೆಲಸ. ಕಂಪನಿಗೆ ಒಪ್ಪಿಸದೆ ಉಳಿಸಿಕೊಂಡಿದ್ದ ಮೋಟಾರು ಕೋಣೆಯ ಬೀಗದ ಕೈ ಹುಡುಕಿದ. ಮೊಳೆಗೆ ನೇತುಹಾಕಿದ್ದು ಅಲ್ಲೇ ಇತ್ತು. ಮನೆ ಬಾಗಿಲು ಹಾಕದೆ ಮೆಟ್ಟಿಲು ಹತ್ತುವಾಗ ಮೇಲೆ ಮತ್ತೆ ನರಳಾಟ ಶುರುವಾಯಿತು. ಅವಳು ಬರುತ್ತಿದ್ದಳು.

ಮೋಟಾರು ಕೋಣೆಯಲ್ಲಿ ಸುಟ್ಟ ಗ್ರೀಸಿನ ವಾಸನೆ. ತಿರುಗುವ ಚಕ್ರದ ಕೆಳಗೆ ಕಬ್ಬಿಣದ ಪುಡಿ ಹಿಟ್ಟಿನ ಹಾಗೆ ಉದುರಿತ್ತು. ಮೇನ್ ಸ್ವಿಚ್ಚು ಎಳೆದ. ಬ್ರೇಕು ಕಚ್ಚಿಕೊಂಡಿತು. ಚಕ್ರ ನಿಂತಿತು, ವಾಲಿಕೊಂಡೇ.

ಹಗ್ಗ ಇಳಿಯುವ ಕಿಂಡಿಗೆ ಬಗ್ಗಿದ.

"ಯಾರ್ರೀ ಅದು ಆಫ್ ಮಾಡಿದ್ದು? ಕೈಯಲ್ಲಿ ಹಾಲಿದೆ."

"ನಾನೇ ಕಣೇ. ಅಲ್ಲಾಡ್ಬೇಡ. ಹಾಗೇ ಕೆಳಗೆ ಕೂತ್ಕೋ."

ಮೂವತ್ತು ವರ್ಷ ಅವನ ಜೊತೆ ಬಾಳಿದವಳು. ದನಿ ಕೇಳಿಯೇ ತಿಳಿದುಕೊಂಡಳು. ಚೀಲ ಪಕ್ಕಕ್ಕಿಟ್ಟು ಮೆಲ್ಲಗೆ ಕೂತ ಸದ್ದು ಬಂತು.

"ಆ ಕರಕರ ಎಲ್ಲಿಂದ ಅಂತ ಸಿಕ್ತಾ?"

"ಸಿಕ್ತು."

"ನಾನೆಷ್ಟನೇ ಮಹಡೀಲಿದೀನಿ?"

"ನಾಲ್ಕು ದಾಟಿದೀಯ. ಮಾತಾಡ್ಬೇಡ ಈಗ."

ತೆರೆದೇ ಇದ್ದ ಮನೆಯಿಂದ ಚೆಲ್ಲೋ ಕೇಳುತ್ತಿತ್ತು. ಹಿಂದೆ ಯಾವ ಕರಕರವೂ ಇಲ್ಲ, ವೇದಿಕೆಯ ಅಡಿಯಲ್ಲಿ ಕೇಳಿದ್ದಂಥದೇ ದನಿ. ಅವನು ಸ್ವಿಚ್ಚಿನ ಮೇಲಿಂದ ಕೈ ತೆಗೆಯದೆ, ಕಿಂಡಿಯೊಳಗಿನ ಕತ್ತಲೆಯಲ್ಲಿ ಅವಳ ಉಸಿರಿಗೆ ಕಿವಿ ಕೊಟ್ಟು ನಿಂತಿದ್ದ.