ಎರಡು ಇಂಚು ನೀರು

ಬೆಳಿಗ್ಗೆ ಸ್ನಾನ, ಲಿಂಗಪೂಜೆ, ತಿಂಡಿ, ಆಮೇಲೆ ಕೆಲಸ. ಕೃಷಿ ಇಲಾಖೆಯಲ್ಲಿದ್ದಾಗ ರೂಢಿಯಾದ ಈ ಕ್ರಮವನ್ನು ನಿವೃತ್ತಿಯ ನಂತರವೂ ನಾನು ಬಿಟ್ಟಿಲ್ಲ. ಹಾಗಾಗಿ ನೀರಿನ ಲೆಕ್ಕ ಹಾಕುವ ಒಂದು ಕಚೇರಿಯವರು ಮಧುಗಿರಿಯ ನನ್ನ ಮನೆಗೆ ಬಂದು, "ಮೇಡಂ, ಈ ಕಡೆಯ ನಾಲ್ಕೂ ತಾಲ್ಲೂಕಲ್ಲಿ ಕೆಲಸ ಮಾಡಿದೀರಿ, ಸಮೀಕ್ಷೆಗೆ ಹೋಗಿ ನಮ್ಮ ಹುಡುಗರು ರೈತರಿಂದ ಬರೆದು ತಂದ ಉತ್ತರಗಳನ್ನ ಒಂದ್ಸಲ ನೋಡಿಕೊಡಿ" ಎಂದಾಗ ಸಂತೋಷದಿಂದಲೇ ಒಪ್ಪಿದೆ.

ಲೆಕ್ಕ ಹೀಗಿತ್ತು. ಒಂದು ಬೆಳೆ ಬಿತ್ತನೆಯಿಂದ ಕೊಯ್ಲಿನವರೆಗೆ ಎಷ್ಟು ನೀರು ಕುಡಿಯುತ್ತದೆ, ಅದರಲ್ಲಿ ಮಳೆ ಎಷ್ಟು ಕೊಡುತ್ತದೆ, ಬೋರ್‌ವೆಲ್ ಎಷ್ಟು ಕೊಡುತ್ತದೆ. ಎರಡನ್ನೂ ಕಳೆದು ಉಳಿದದ್ದು ಕೊರತೆ. ಈ ಕೊರತೆಯನ್ನು ತಾಲ್ಲೂಕುವಾರು ಕೂಡುವುದಲ್ಲ, ನದಿವಾರು ಕೂಡಬೇಕು. ಮಧುಗಿರಿ, ಕೊರಟಗೆರೆ, ಪಾವಗಡದಲ್ಲಿ ಬಿದ್ದ ಮಳೆ ಬಹುಪಾಲು ಉತ್ತರ ಪಿನಾಕಿನಿಯ ಕಡೆಗೆ ಇಳಿಯುತ್ತದೆ, ಶಿರಾದ್ದು ವೇದಾವತಿಯ ಕಡೆಗೆ. ಎರಡೂ ನದಿಗಳಲ್ಲಿ ವರ್ಷದ ಹೆಚ್ಚು ಕಾಲ ಕಾಣುವುದು ಮರಳೇ ಆದ್ದರಿಂದ, ಕೊರತೆ ಹೆಚ್ಚಿರುವ ಊರಿನ ಕೆರೆಗಳನ್ನು ಪಟ್ಟಿ ಮಾಡಿ, ಪಡುವಣದ ಬೇರೊಂದು ನದಿಯಿಂದ ಪೈಪಿನಲ್ಲಿ ನೀರು ತಂದು ತುಂಬಿಸುವ ಯೋಚನೆ. ಪಾವಗಡದ ವಳ್ಳೂರಿನ ಕಡೆಯ ಸಮೀಕ್ಷೆಯ ಹಾಳೆಗಳು ಮಾತ್ರ ಬೇಗ ಮುಗಿದವು. ಅಲ್ಲಿ ಹೊಲದ ತುಂಬ ಸೋಲಾರ್ ಹಲಗೆಗಳು. ಬೆಳೆಯ ಹೆಸರು ಬರೆಯುವ ಜಾಗ ಖಾಲಿ.

ನನ್ನ ತಂಗಿಯನ್ನು ಕೊಟ್ಟಿರುವುದು ಶಿರಾ ತಾಲ್ಲೂಕಿನ ಮದಲೂರಿನಿಂದ ಆಚೆಯ ಒಂದು ಸಣ್ಣ ಊರಿಗೆ. ಅಲ್ಲೂ ಒಂದು ಕೆರೆ ಇದೆ. ಕೆರೆ ತುಂಬಿದರೆ ಅವಳ ತೆಂಗಿನ ತೋಟದ ಬೋರ್‌ವೆಲ್‌ಗೆ ಮತ್ತೆ ಜೀವ ಬರುತ್ತದೆ, ಇಲ್ಲದಿದ್ದರೆ ತೋಟ ಉಳಿಯುವುದಿಲ್ಲ. ನಾನು ಈ ಕೆಲಸಕ್ಕೆ ಕುಳಿತಿದ್ದೇನೆಂದು ತಿಳಿದ ಮೇಲೆ ಅವಳ ಫೋನು ತಪ್ಪುತ್ತಿರಲಿಲ್ಲ.

"ಅಕ್ಕ, ನಮ್ ಕೆರೆ ಪಟ್ಟೀಲಿ ಬಂತಾ?"

"ನಿಮ್ಮೂರಿನ ಹಾಳೆ ಇನ್ನೂ ನನ್ನ ಕೈಗೆ ಬಂದಿಲ್ಲ ಕಣೆ."

"ಬಂದೇಟ್ಗೆ ಮೊದ್ಲು ನಂಗೇಳು. ಗರಿ ಎಲ್ಲ ಜೋತ್ಬಿದ್ದವೆ."

ಹಾಳೆ ಬಂತು. ಕೊರತೆ: ಇಲ್ಲ. ಇಡೀ ಊರಿಗೇ ಇಲ್ಲ. ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದಿದೆ. 'ಬೆಳೆಗೆ ಪ್ರತಿ ಸಲ ಎಷ್ಟು ನೀರು ಕೊಡುತ್ತೀರಿ?' ಎಂಬ ಪ್ರಶ್ನೆಗೆ ಮನೆಮನೆಯವರೂ ಎರಡು ಇಂಚು, ಎರಡೂವರೆ ಇಂಚು ಎಂದಿದ್ದರು. ಸಮೀಕ್ಷೆಯವರು ಅದನ್ನು ನೆಲದ ಮೇಲೆ ಎರಡು ಇಂಚು ಎತ್ತರ ನಿಲ್ಲುವ ನೀರು ಎಂದು ತಿಳಿದು ಲೆಕ್ಕ ಹಾಕಿದ್ದರು. ಅಷ್ಟು ಕೊಟ್ಟರೆ ಯಾವ ಬೆಳೆಗೂ ಸಾಕು. ಆದರೆ ನಮ್ಮ ಕಡೆ ಇಂಚು ಎಂದರೆ ಬೋರ್‌ವೆಲ್‌ನ ಶಕ್ತಿ, ಪೈಪಿನಿಂದ ಹೊರಗೆ ಬೀಳುವ ನೀರಿನ ದಪ್ಪ. ಮಳೆಯ ಇಂಚಿಗೂ ಅದಕ್ಕೂ ಸಂಬಂಧವಿಲ್ಲ.

ತಪ್ಪು ಸಿಕ್ಕಿತಲ್ಲ, ತಿದ್ದಿದರಾಯಿತು ಎಂದುಕೊಂಡೆ. ಉತ್ತರ ಕೊಟ್ಟವರು ಮತ್ತೆ ಹೇಳದೆ ಏನನ್ನೂ ಬದಲಿಸುವಂತಿಲ್ಲ ಎಂಬುದು ಕಚೇರಿಯ ನಿಯಮ. ಹಾಗಾಗಿ ಮರುವಾರವೇ ಸಮೀಕ್ಷೆಯ ಹುಡುಗಿಯನ್ನು ಕರೆದುಕೊಂಡು ತಂಗಿಯ ಊರಿಗೆ ಹೋದೆ. ಜಗಲಿಯ ಮೇಲೆ ನಾಲ್ಕಾರು ಜನ ಸೇರಿದರು. ಹುಡುಗಿ ತಂಗಿಯ ಗಂಡನನ್ನು ಬಿಡಿಸಿ ಕೇಳಿದಳು.

"ಬೋರ್ ಎಷ್ಟು ಇಂಚು ಅಂತ ಅಲ್ಲ ಸರ್. ಒಂದ್ಸಲ ನೀರು ಬಿಟ್ಟರೆ ಪಾತಿಯಲ್ಲಿ ಎಷ್ಟು ನಿಲ್ಲುತ್ತೆ?"

"ನಿಲ್ಲೋದೇನ್ ಬಂತಮ್ಮ, ಹರೀತಾನೇ ಇರ್ತದೆ. ಎರಡಿಂಚು ಐತೆ, ಬರ್ಕೊ."

ಪಕ್ಕದ ಮನೆಯವನು ಸುಮ್ಮನಿರಲಿಲ್ಲ. "ಲೇ, ನಿಂದು ಎರಡಾದ್ರೆ ನಂದು ಮೂರು ಅಂತ ಬರ್ಸ್ಲಾ!"

"ನಿಂದ್ರಲ್ಲಿ ಬರೋದು ಬರೀ ಗಾಳಿ ಕಣ್ಲಾ. ಗಾಳೀನೂ ಅಳೀತಾರಾ ಕೇಳು."

ಎಲ್ಲರೂ ನಕ್ಕರು. ಹುಡುಗಿ ಪೈಪಿನ ದಪ್ಪ, ಕರೆಂಟು ಇರುವ ಹೊತ್ತು ಎರಡನ್ನೂ ಸೇರಿಸಿ ಅಲ್ಲೇ ಲೆಕ್ಕ ಹಾಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಮಾತಿನ ಅರ್ಥ ಸರಿಹೋಗಿತ್ತು. ಕೊರತೆ ಆಗಲೂ ಇಲ್ಲವೆಂದೇ ಬಂತು. ನಿಜವಾಗಿ ಎರಡು ಇಂಚು ಬರುವ ಬೋರ್‌ವೆಲ್ ಇದ್ದವರಿಗೆ ಆ ತೋಟಕ್ಕೆ ಬೇರೆ ನೀರು ಬೇಕಿಲ್ಲ.

ಆ ತೋಟವನ್ನು ನಾನು ಆಗತಾನೇ ಹಾದು ಬಂದಿದ್ದೆ, ತೆಂಗಿನ ಗರಿಗಳು ಒಣಗಿ ಜೋತುಬಿದ್ದಿದ್ದವು. "ನಡೀರಿ, ಮೋಟ್ರು ಹಾಕಿ, ಒಂದು ಬಿಂದಿಗೆ ಇಟ್ಟು ನೋಡೋಣ" ಎಂದೆ.

ತಂಗಿಯ ಗಂಡ ಎದ್ದು ಪಂಚೆ ಕೊಡವಿದ. "ಇವತ್ತಾಗಲ್ಲ ಅಕ್ಕ. ಸ್ಟಾರ್ಟ್ರು ಸುಟ್ಟೋಗೈತೆ."

ತಂಗಿ ನನ್ನನ್ನು ಅಡುಗೆಮನೆಗೆ ಕರೆದಳು. "ಸ್ಟಾರ್ಟ್ರು ಚೆನ್ನಾಗೇ ಐತೆ ಕಣಕ್ಕ. ಬೆರಳು ಗಾತ್ರನೂ ಬರಲ್ಲ ನೀರು, ಅದೂ ಬಿಟ್ಟು ಬಿಟ್ಟು. ಆದ್ರೆ ಅವ್ರೆಂಗೆ ಜನದ ಮುಂದೆ ಹೇಳ್ತಾರೆ? ಕೊರಟಗೆರೆಯೋರು ಹುಡುಗುನ್ನ ನೋಡ್ಕಂಡು ಹೋಗವ್ರೆ. ಇವ್ರು ಅವ್ರಿಗೆ ಎರಡಿಂಚು ಅಂತ ಹೇಳ್ಬುಟ್ಟವ್ರೆ."

ಅವಳ ಮಗ ಊರಲ್ಲೇ ಇದ್ದು ತೋಟ ನೋಡಿಕೊಳ್ಳುವವನು. ಅಂಥವನಿಗೆ ಹೆಣ್ಣು ಕೊಡುವವರು ಮನೆ, ಜಮೀನು ಎಲ್ಲಕ್ಕಿಂತ ಮೊದಲು ಕೇಳುವುದು ಬೋರ್‌ವೆಲ್‌ನ ಇಂಚು. ಆ ಜಗಲಿಯ ಮೇಲಿದ್ದ ಪ್ರತಿಯೊಬ್ಬರ ಮನೆಯಲ್ಲೂ ಮದುವೆಗೆ ಬಂದ ಮಗನೋ ತಮ್ಮನೋ ಇದ್ದ.

"ಹಾಗಾದ್ರೆ ಕೆರೆ?" ಎಂದೆ.

"ಕೆರೇನೂ ಬೇಕು" ಎಂದಳು. "ನೀನೇ ಎಂಗಾರ ಕಮ್ಮಿ ಬರ್ಕೊಳಕ್ಕ. ಕೊರಟಗೆರೆಯೋರ್ಗೆ ಗೊತ್ತಾಗ್ಬಾರ್ದು."

ವಾಪಸು ಬರುವಾಗ ಜೀಪಿನಲ್ಲಿ ಹುಡುಗಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವಳು ಒಳ್ಳೆಯವಳು, ಎಲ್ಲವನ್ನೂ ಕೇಳಿಸಿಕೊಂಡಳು. "ಮೇಡಂ, ನಿಮ್ಮ ತಂಗಿ ಮನೆಯದನ್ನ ನಂಬಿದೆ ಅಂತಿಟ್ಕೊಳ್ಳಿ. ಉಳಿದ ಮನೆಗಳಲ್ಲಿ ಯಾರದು ನಿಜ, ಯಾರದು ಮದುವೆಗೆ ಹೇಳಿದ್ದು, ನಾನು ಹೇಗೆ ಗೊತ್ತುಮಾಡ್ಲಿ?" ಮಧುಗಿರಿಗೆ ಬಂದವಳೇ ಎಲ್ಲ ಬೋರ್‌ವೆಲ್‌ಗಳನ್ನೂ ಅಳೆಯಬೇಕು ಎಂದು ಕಚೇರಿಗೆ ಪತ್ರ ಬರೆದೆ. ಅಷ್ಟು ಸಮಯವಿಲ್ಲ ಎಂದು ಮರ್ಯಾದೆಯಿಂದಲೇ ತಿಳಿಸಿದರು. ಪಟ್ಟಿ ಹೊರಬಂದಾಗ ತಂಗಿಯ ಊರಿನ ಕೆರೆ ಅದರಲ್ಲಿರಲಿಲ್ಲ. ಫೋನಿನಲ್ಲಿ ಅವಳಿಗೆ ಹೇಳಿದೆ. "ಹುಡುಗುನ್ ವೀಳ್ಯಶಾಸ್ತ್ರಕ್ಕೆ ಬೇಗ ಬಂದ್ಬುಡಕ್ಕ" ಎಂದಳು.

ಹೋದೆ. ತಾಂಬೂಲ ಬದಲಾಯಿಸುವ ಮೊದಲು ಹೆಣ್ಣಿನ ಸೋದರಮಾವ ಸುಮ್ಮನೆ ಮಾತಿಗೆಂಬಂತೆ ಕೇಳಿದರು: "ನೀರು ಹೆಂಗೈತೆ ಈಗ?"

"ಎರಡಿಂಚು ಸ್ವಾಮಿ" ಎಂದ ತಂಗಿಯ ಗಂಡ, ನನ್ನ ಕಡೆ ಕೈ ತೋರಿಸಿದ. "ನಮ್ ಬಾಯ್ಮಾತು ಬುಡಿ. ಕಚೇರಿ ಲೆಕ್ಕದಾಗೇ ಐತೆ. ನೀರು ಸಾಲದು ಅನ್ನೋ ಊರುಗಳ ಪಟ್ಟೀಲಿ ನಮ್ದಿಲ್ಲ. ಬೇಕಾರೆ ನಮ್ ಅಕ್ಕನ್ನೇ ಕೇಳಿ, ಅವ್ರೇ ನೋಡಿರೋದು."

ಅವರು ಗೌರವದಿಂದ ನನಗೆ ಕೈ ಮುಗಿದರು, ಉತ್ತರಕ್ಕೆ ಕಾದರು. ತಂಗಿ ತಟ್ಟೆಯಲ್ಲಿದ್ದ ಎಲೆಗಳನ್ನು ಜೋಡಿಸುತ್ತ ತಲೆ ಎತ್ತಲಿಲ್ಲ. "ಪಟ್ಟಿಯಲ್ಲಿ ಈ ಊರು ಇಲ್ಲ" ಎಂದೆ. ಅದು ನಿಜವೇ ಆಗಿತ್ತು. ಅವರು ತೃಪ್ತರಾಗಿ ತಲೆಯಾಡಿಸಿ ತಾಂಬೂಲಕ್ಕೆ ಕೈ ನೀಡಿದರು.