ಅಜ್ಜನ ಬಿಷಪರು

ಬೇಸಿಗೆಯ ಕೊನೆಗೆ ಲಿವರ್‌ಮೋರ್ ಕಡೆಯ ಗುಡ್ಡಗಳು ಹೊತ್ತಿಕೊಂಡು, ಒಣಹುಲ್ಲು ಸುಟ್ಟ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ಪಕ್ಕದೂರು ಡಬ್ಲಿನ್ನಿನಲ್ಲಿದ್ದ ನಮ್ಮ ಹಳೆಯ ಮನೆ ಕಣ್ಣ ಮುಂದೆ ನಿಲ್ಲುತ್ತದೆ. ಅದೀಗ ಬೇರೆಯವರದು. ಹೀಗೆ ಕೈತಪ್ಪಿದ ಮನೆಯೊಂದು ನಿಮಗೂ ಇದ್ದೀತು. ಅಲ್ಲಿ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ನನ್ನ ಅಜ್ಜ, ಅಮ್ಮನ ಅಪ್ಪ, ಕೂರುತ್ತಿದ್ದರು. ಉಡುಪಿ ಕಡೆಯ ಇಗರ್ಜಿ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಅಜ್ಜಿ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದರು. ಅಜ್ಜಿ ಸಾಯುವಾಗ ನಾನು ಅಮ್ಮನ ಹೊಟ್ಟೆಯಲ್ಲಿದ್ದೆ. ವೀಸಾದ ಕಾಗದಪತ್ರ ಆಗದೆ ಅಮ್ಮನಿಗೆ ಊರಿಗೆ ಹೋಗಲಾಗಿರಲಿಲ್ಲ. ಕೊನೆಗಳಿಗೆಯಲ್ಲಿ ಅಜ್ಜಿ ಏನು ಹೇಳಿದರೆಂದು ಅಮ್ಮ ಕೇಳಲಿಲ್ಲ, ಅಜ್ಜ ಹೇಳಲಿಲ್ಲ. ಆ ವಿಷಯ ಎತ್ತಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ ಅಜ್ಜ ಬಿಷಪರ ಕಥೆ ಹೇಳುತ್ತಿದ್ದರು. ಸಾವಿರ ವರ್ಷಗಳಿಗೂ ಹಿಂದೆ ಯಾವುದೋ ದ್ವೀಪದಿಂದ ಉತ್ತರದ ಚಳಿನಾಡಿಗೆ ಬಂದವರು ಅವರು. ಹೆಸರು ನೆನಪಿಲ್ಲ, ನಮಗೆ ಅವರು ಬರೀ ಬಿಷಪರು. ಅಲ್ಲಿನ ಭಾಷೆ ಅವರಿಗೆ ಬಾರದು. ತಮ್ಮ ಭಾಷೆಯಲ್ಲೇ ಅವರು ಬೋಧಿಸುವಾಗ ಆ ನಾಡಿನ ಅರಸನೇ ಪಕ್ಕದಲ್ಲಿ ನಿಂತು ಜನರಿಗೆ ಅರ್ಥ ಹೇಳುತ್ತಿದ್ದನಂತೆ. ಉಡುಗೊರೆಯಾಗಿ ಬಂದ ಕುದುರೆಯನ್ನು ದಾರಿಯಲ್ಲಿ ಸಿಕ್ಕ ಭಿಕ್ಷುಕನಿಗೆ ಕೊಟ್ಟು, ಊರೂರಿಗೆ ನಡೆದೇ ಹೋದರಂತೆ. ಕೊನೆಗೆ ಇಗರ್ಜಿಯ ಹೊರಗಿನ ಮರದ ಕಂಬಕ್ಕೆ ಒರಗಿ ಪ್ರಾಣ ಬಿಟ್ಟರು. ಮುಂದೆ ಎರಡು ಸಲ ಆ ಇಗರ್ಜಿ ಸುಟ್ಟು ಬೂದಿಯಾದರೂ ಕಂಬಕ್ಕೆ ಬೆಂಕಿ ಹತ್ತಲಿಲ್ಲ. ಇಲ್ಲಿಗೆ ಬಂದಾಗ ಅಜ್ಜ ದನಿ ತಗ್ಗಿಸುತ್ತಿದ್ದರು. "ಒರಗಿದವರು ಒರಗಿಕೊಂಡೇ ಇದ್ರು ಮಗಾ. ನೋಡುವವರಿಗೆ ಕಾಣ್ಲಿಲ್ಲ, ಅಷ್ಟೆ." ಡೇಕೇರಿನಲ್ಲಿ ಬೆಳೆದ ತಮ್ಮನಿಗೆ ಕನ್ನಡ ತಿಳಿಯದು. ನಾನು ಕುರ್ಚಿಯ ಪಕ್ಕ ನಿಂತು ಒಂದೊಂದೇ ಮಾತನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಅಜ್ಜ ಅಲ್ಲಿಯವರೆಗೆ ಕಾದು ಮುಂದಿನದನ್ನು ಹೇಳುತ್ತಿದ್ದರು.

ನನಗೆ ಒಂಬತ್ತು ವರ್ಷವಾದಾಗ ಅಜ್ಜನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಇನ್ನು ಮಾತು ಮರಳಲಾರದು ಎಂದರು ಡಾಕ್ಟರು. ಗುಡ್ಡಗಳು ಹೊತ್ತಿಕೊಂಡದ್ದು ಆ ಬೇಸಿಗೆಯಲ್ಲೇ. ಒಂದು ಭಾನುವಾರ ನಡುಮಧ್ಯಾಹ್ನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹಕ್ಕಿಗಳ ಸದ್ದಿಲ್ಲ, ಬೀದಿಯಲ್ಲಿ ಒಂದು ಕಾರಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿ ಕೂತಿದ್ದೆವು. ಅಜ್ಜ ಎಡಗೈ ಮೇಲೆತ್ತಿದರು, ಕಥೆ ಶುರುಮಾಡುವಾಗಿನ ಹಾಗೆ. ತುಟಿ ಅಲುಗಿತು. ನಾನು ಎಂದಿನಂತೆ ಪಕ್ಕಕ್ಕೆ ಹೋಗಿ ನಿಂತು ತಮ್ಮನಿಗೆ ಹೇಳತೊಡಗಿದೆ: ಬಿಷಪರು, ಕುದುರೆ, ಕಂಬ. ಆಮೇಲೆ ಕಥೆಯಲ್ಲಿಲ್ಲದ ಮಾತು ಬಂತು. ಮಗು ಗೇರುಮರ ಹತ್ತಿ ಕೂತಿದೆ, ಅವಳನ್ನು ಇಳಿಸಿ, ಬೈಬೇಡಿ. ಅದನ್ನೂ ಹೇಳಿದೆ.

ಅಡುಗೆಮನೆಯಿಂದ ಅಮ್ಮ ಬಂದರು. "ಅದನ್ನ ಯಾರು ಹೇಳಿದ್ದು ನಿಂಗೆ?"

"ಅಜ್ಜ. ಈಗಷ್ಟೇ."

"ಅಜ್ಜನಿಗೆ ಮಾತೇ ಬರುದಿಲ್ಲ ಅಲ್ವಾ ಮಗಾ."

ತಮ್ಮ ಹೆದರಿ ನನ್ನನ್ನೇ ನೋಡುತ್ತಿದ್ದ. "ಹಿ ಡಿಡಂಟ್ ಸೇ ಎನಿಥಿಂಗ್, ಮಾಮ್."

ಚಿಕ್ಕವರಿದ್ದಾಗ ಅಮ್ಮ ಅಜ್ಜನ ಬೆತ್ತಕ್ಕೆ ಹೆದರಿ ಹಿತ್ತಿಲ ಗೇರುಮರ ಹತ್ತಿ ಕೂರುತ್ತಿದ್ದರಂತೆ. ಸಂಜೆಯಾದ ಮೇಲೆ ಅಜ್ಜಿ ಹೋಗಿ ಇಳಿಸಿ ಕರೆತರುತ್ತಿದ್ದರಂತೆ. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಅಮ್ಮ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, "ಅಮ್ಮ ಕೊನೆಗೆ ಹೇಳಿದ್ದು ಇದೇನಾ ಅಪ್ಪ?" ಎಂದರು. ಅಜ್ಜ ಹೌದೆಂದು ಒಮ್ಮೆ ತಲೆಯಾಡಿಸಿದರು. ಎಡಗೈಯನ್ನು ಮೆಲ್ಲಗೆ ಇಳಿಸಿ ಅಮ್ಮನ ನೆತ್ತಿಯ ಮೇಲಿಟ್ಟರು.

ಕ್ರಿಸ್‌ಮಸ್‌ಗೆ ಮೊದಲು ಅಜ್ಜ ತೀರಿಕೊಂಡರು. ಇಗರ್ಜಿಯಲ್ಲಿ ಪೆಟ್ಟಿಗೆ ಮುಚ್ಚುವ ಮುನ್ನ ಅಮ್ಮ ನನ್ನ ಕೈ ಹಿಡಿದು ಮುಂದಕ್ಕೆ ಕರೆದೊಯ್ದು ಕಿವಿಯಲ್ಲಿ ಕೇಳಿದರು: "ಏನಾದ್ರೂ ಹೇಳ್ತಿದ್ದಾರಾ?" ನಾನು ಬಗ್ಗಿ ಬಹಳ ಹೊತ್ತು ಆಲಿಸಿದೆ. ಏನೂ ಕೇಳಿಸಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಅಮ್ಮ ನನ್ನ ಕೈ ಬಿಡದೆ ಇನ್ನೂ ಸ್ವಲ್ಪ ಹೊತ್ತು ಕಾದರು.