ಅಕ್ಕನ ಕಣದಲ್ಲಿ ಇಳಿಯದ ವಿಮಾನ

ನನ್ನ ಹತ್ತಿರ ವಿಮಾನ ಹಾರಿಸುವ ಲೈಸೆನ್ಸ್ ಇತ್ತು ಅಂದರೆ ಈಗ ಯಾರೂ ನಂಬುವುದಿಲ್ಲ. ಬಿಡಿ, ಎಂಬತ್ತರ ದಶಕದಲ್ಲಿ ಹುಬ್ಬಳ್ಳಿಯಿಂದ ಸಂಶಿಗೆ ಹೋಗುವ ಬಸ್ಸಿನಲ್ಲಿ "ಪೈಲಟ್ ಸಾಹೇಬ್ರು ಬಂದ್ರು, ಜಾಗಾ ಬಿಡ್ರಿ" ಅನ್ನಿಸಿಕೊಂಡು ಕಿಟಕಿ ಪಕ್ಕ ಕೂತವನು ನಾನು! ಒಂದೇ ವರ್ಷಕ್ಕೆ ಬಿಟ್ಟೆ. ನನ್ನೊಡನೆ ಶೋಕಿಗೆ ಕಲಿತ ಐವರೂ ಬಿಟ್ಟರು. ಒಬ್ಬ ಗಾಳಿಯ ನೆಪ ಹೇಳಿದ, ಇನ್ನೊಬ್ಬ ಹೆಂಡತಿಯದು. ನಿಜ ಹೇಳಲೇ? ಕಲಿಯುವಾಗ ಪರೀಕ್ಷೆ ಎದುರಿಗಿರುತ್ತದೆ. ಪಾಸಾದ ಮೇಲೆ ಹೋಗುವುದೆಲ್ಲಿಗೆ? ಮೇಲೆದ್ದ ರನ್‌ವೇಗೇ ತಿರುಗಿ ಬಂದು ಇಳಿಯಬೇಕು.

ನನಗೆ ಮಾತ್ರ ಹೋಗಲು ಒಂದು ಊರಿತ್ತು, ಯರಗುಪ್ಪಿ. ತಾಯಿಯಿಲ್ಲದ ನನ್ನನ್ನು ಎತ್ತಿ ಆಡಿಸಿದ ಅಕ್ಕನನ್ನು ಕೊಟ್ಟ ಊರು. ನಾನು ಹಾರುವುದನ್ನು ಅವಳು ಕಣ್ಣಾರೆ ನೋಡಬೇಕೆಂಬುದೇ ನನ್ನ ದೊಡ್ಡ ಆಸೆ. ಆಯ್ತಾರ ಮುಂಜಾನೆ ವಿಮಾನ ತರುತ್ತೇನೆಂದು ಹೇಳಿ ಕಳಿಸಿದೆ. ಊರ ಮೇಲೆ ಹಾರಿ ತೋರಿಸಿ ಬರುವುದಷ್ಟೇ ನನ್ನ ಲೆಕ್ಕ. ಆದರೆ ನಮ್ಮ ಕಡೆ ಅಕ್ಕನ ಊರಿಗೆ ಬಂದ ತಮ್ಮ ಉಣ್ಣದೆ ಹೋಗುವ ಪದ್ಧತಿಯೇ ಇಲ್ಲ. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹುಬ್ಬಳ್ಳಿಯಿಂದ ಎದ್ದು ಯರಗುಪ್ಪಿಯ ಮೇಲೆ ಬಂದು ಕೆಳಗೆ ನೋಡಿದೆ. ಅಕ್ಕನ ಗಂಡ, ನಮ್ಮ ಮಾಮಾ, ರಾಶಿ ಮುಗಿದ ಕಣವನ್ನು ಸಗಣಿಯಿಂದ ಸಾರಿಸಿ ಸುತ್ತಲೂ ರಂಗೋಲಿ ಹಾಕಿಸಿದ್ದ. ಅಷ್ಟು ಎತ್ತುಗಳು ತಿರುಗಿ ಜೋಳ ತುಳಿಯುವ ಕಣ ಒಂದು ವಿಮಾನಕ್ಕೆ ಸಾಲದೇ, ಎಂಬುದು ಅವನ ವಿಚಾರವಂತೆ. ಸುತ್ತ ಊರಿನ ಮಂದಿ. ಮುಂದೆ ಅಕ್ಕ, ಕೈಯಲ್ಲಿ ಮಿಂಚುವ ಆರತಿ ತಟ್ಟೆ. ಪುರಾಣದ ವಿಮಾನಗಳು ಬೇಕಾದವರ ಅಂಗಳದಲ್ಲೇ ಇಳಿಯುತ್ತಿದ್ದವು. ಅವುಗಳ ಚಾಲಕರಿಗೆ ಎಂಥ ಪುಣ್ಯ! ನಾನು ಎರಡು ಸುತ್ತು ಹಾಕಿ, ರೆಕ್ಕೆ ಅಲುಗಿಸಿ, ಕಳ್ಳನಂತೆ ಹೊರಟುಬಂದೆ.

ಮರುದಿನ ಬಸ್ಸು ಹಿಡಿದು ಹೋದೆ. "ಬರ್ರಿ ಪೈಲಟ್‌ರ, ನಮ್ಮ ಕಣಾ ಮನಸಿಗೆ ಬರಲಿಲ್ಲೇನ್ರಿ?" ಎಂದ ಮಾಮಾ. ಅಕ್ಕ ನನ್ನನ್ನು ನೋಡದೆ ನೀರು ಕೊಟ್ಟಳು, ನೋಡದೆ ತಾಟು ಇಟ್ಟಳು. ಅವಳು ನಿನ್ನೆಯಿಂದ ಉಂಡಿಲ್ಲವೆಂದು ಮಾಮಾ ಮೆಲ್ಲಗೆ ಹೇಳಿದ. ನಾನು ಎತ್ತಿದ ತುತ್ತನ್ನು ತಾಟಿಗೇ ಇಟ್ಟೆ.

"ಅಲ್ಲಿ ಇಳಸಾಕ ಬರೂದಿಲ್ಲಕ್ಕಾ. ಅದಕ್ಕ ಉದ್ದಾನ ಡಾಂಬರ ರಸ್ತಾ ಬೇಕು," ಎಂದೆ.

ಅಕ್ಕ ಕೊನೆಗೂ ನನ್ನತ್ತ ತಿರುಗಿದಳು. "ಅಲ್ಲಲೇ ತಮ್ಮಾ, ಅಕ್ಕನ ಮನಿಗೆ ಇಳೀಲಿಕ್ಕೆ ಬರಲಾರದ್ದನ್ನ ಇಷ್ಟು ಕಷ್ಟಪಟ್ಟು ಕಲ್ತಿಯೇನು? ಸೈಕಲ್ ಮ್ಯಾಲೆ ಚಂದಾಗಿ ಬರ್ತಿದ್ದ್ಯಲ್ಲೋ!"

ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ಮಾಮಾ ನಕ್ಕ, ನಾನೂ ನಕ್ಕೆ. ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿ, ನನ್ನ ತಾಟಿನ ಹೋಳಿಗೆ ಮುರಿದು ಅವಳ ಬಾಯಿಗಿಟ್ಟೆ. ವಿಮಾನದಿಂದ ನನಗೆ ಅವಳ ಆರತಿ ತಟ್ಟೆ ಕಂಡಿತ್ತು, ಮುಖ ಕಂಡಿರಲಿಲ್ಲ.

ಮುಂದಿನ ಆಯ್ತಾರ ಆಕಾಶ ಅಗದಿ ತಿಳಿಯಾಗಿತ್ತಂತೆ, ಹಾರುವುದಕ್ಕೆ ಅಂಥ ದಿನ ಸಿಗುವುದಿಲ್ಲವಂತೆ. ನನಗೇನು ಗೊತ್ತು? ನಾನು ಯರಗುಪ್ಪಿಯಲ್ಲಿ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.